ಅಂಗೈಯಗಲದ ಅಂಗಡಿ

ಬಸ್ಸಿನಲ್ಲಿ ಕುಳಿತ ಗೃಹಿಣಿಯೊಬ್ಬಳು ಮೊಬೈಲಿನಲ್ಲಿ ಇಳಕಲ್ ಸೀರೆಯನ್ನು ಅರಸುತ್ತಾಳೆ. ಒಳ್ಳೆಯ ಸರಕುಳ್ಳ ಅಂಗಡಿಯೊಂದರ ಹೆಸರೇ ಅವಳಿಗೆ ಕಾಣದು. ಕಾರಣವೇನು? ಗಣಕದ ಅಗಲ ತೆರೆಗೆಂದು ಜಾಲತಾಣವನ್ನು ಸಿಂಗರಿಸಿದ ವರ್ತಕನು, ಇಕ್ಕಟ್ಟೆಂದು ಮೊಬೈಲಿನ ಪುಟದಿಂದ ನೇಯ್ಗೆಯ ವಿವರ, ಬೆಲೆ, ವಿಳಾಸಗಳನ್ನು ಕತ್ತರಿಸಿಬಿಟ್ಟಿದ್ದಾನೆ. ಗೂಗಲ್ ಸಂಸ್ಥೆಯೋ 2018ರಿಂದ ಮೊಬೈಲಿನ ಪುಟವನ್ನೇ ಓದಿ ತನ್ನ ಶೋಧದ ಸೂಚಿಯನ್ನು ಸಿದ್ಧಪಡಿಸತೊಡಗಿತು. ಅಲ್ಲಿ ಇಲ್ಲದ ಮಾತು ಅದರ ಪಾಲಿಗೆ ಎಲ್ಲಿಯೂ ಇಲ್ಲ!

ಭಾರವಾದ ಚಿತ್ರಗಳದು ಇನ್ನೊಂದು ತೊಡಕು. ಪುಟದ ಮುಖ್ಯ ಭಾಗವು 2.5 ಸೆಕೆಂಡಿನೊಳಗೆ ಮೂಡಬೇಕೆಂಬುದು ಗೂಗಲ್‌ನ ಅಳತೆ. ಈಥನ್ ಮಾರ್ಕಾಟ್ 2010ರಲ್ಲಿ ವಿವರಿಸಿದಂತೆ, ತೆರೆಗೆ ತಕ್ಕಂತೆ ಹಿಗ್ಗಿ ಕುಗ್ಗುವ ಒಂದೇ ಪುಟವನ್ನಿರಿಸಿದರೆ ಎರಡೆಡೆ ತಿದ್ದುವ ಗೋಳು ತಪ್ಪುತ್ತದೆ. ಚಿತ್ರಗಳ ತೂಕವನ್ನು ಮಾತ್ರ ವರ್ತಕನು ಬೇರೆಯಾಗಿಯೇ ಇಳಿಸಬೇಕು.