ಮಹಾರಾಜನ ಸಾಲ ಯಾರ ಲೆಕ್ಕಕ್ಕೆ?

1932ರ ಅಕ್ಟೋಬರ್ 15ರಂದು ಕರಾಚಿಯಿಂದ 'ಪುಸ್ ಮಾತ್' ಎಂಬ ಪುಟ್ಟ ವಿಮಾನವೊಂದು ಮೇಲೆದ್ದಿತು. ನಡೆಸುತ್ತಿದ್ದವರು 28 ವರ್ಷದ ಜೆ.ಆರ್.ಡಿ. ಟಾಟಾ. ಜತೆಗಿದ್ದದ್ದು ಸುಮಾರು 25 ಕಿಲೋ ಟಪಾಲು ಮಾತ್ರ. ದಾರಿಯಲ್ಲಿ ಅಹಮದಾಬಾದಿನಲ್ಲಿ ಇಳಿದಾಗ ವಿಮಾನಕ್ಕೆ ಬೇಕಾದ ಪೆಟ್ರೋಲ್ ಡಬ್ಬಗಳು ಬಂದದ್ದು ಎತ್ತಿನ ಗಾಡಿಯಲ್ಲಿ! ಮುಂಬಯಿಯ ಜುಹುವಿನಿಂದ ಮುಂದಕ್ಕೆ ಟಪಾಲನ್ನು ಒಯ್ದವರು ನೆವಿಲ್ ವಿನ್ಸೆಂಟ್. ಅವರು ಬಳ್ಳಾರಿಯ ಮಾರ್ಗವಾಗಿ ಮದರಾಸು ತಲುಪಿದರು. ಅಂದರೆ ಟಾಟಾ ಸಂಸ್ಥೆಯ ಮೊದಲ ವಿಮಾನ ಟಪಾಲು ಮಾರ್ಗದ ನಕ್ಷೆಯಲ್ಲಿ, ಆಗಿನ್ನೂ ಮದರಾಸು ಪ್ರಾಂತದಲ್ಲಿದ್ದ ಬಳ್ಳಾರಿಗೂ ಜಾಗವಿತ್ತು.

ಇಂದು ಏರ್ ಇಂಡಿಯಾ ಎಂದು ಕರೆಸಿಕೊಳ್ಳುವ ಸಂಸ್ಥೆ ಹುಟ್ಟಿದ್ದು ಹೀಗೆ. ಈ ಹುಟ್ಟಿನಲ್ಲಿ ಒಂದು ವ್ಯಾಪಾರದ ಕರಾರೂ ಇತ್ತು. ಬ್ರಿಟಿಷ್ ಸರ್ಕಾರ ಸಹಾಯಧನ ಕೊಡಲು ಒಪ್ಪಿರಲಿಲ್ಲ. ಸಹಾಯಧನ ಬೇಡ, ಹೊತ್ತ ಟಪಾಲಿನ ತೂಕಕ್ಕೆ ತಕ್ಕಷ್ಟು ಕೊಟ್ಟರೆ ಸಾಕು ಎಂದು ಟಾಟಾ ಸಂಸ್ಥೆ ಮುಂದೆ ಬಂದಿತು. ಮೊದಲ ವರ್ಷ ಪ್ರಯಾಣ ಮಾಡಿದವರು 155 ಮಂದಿ, ಬಂದ ಲಾಭ 60 ಸಾವಿರ ರೂಪಾಯಿ. ಸರ್ಕಾರದ ಬೊಕ್ಕಸಕ್ಕೆ ಹೊರೆಯಾಗದೆ ನಡೆಯುತ್ತೇನೆಂದು ಹೊರಟ ಸಂಸ್ಥೆಯೇ ಮುಂದೆ ಅದೇ ಬೊಕ್ಕಸಕ್ಕೆ ಹತ್ತಾರು ಸಾವಿರ ಕೋಟಿಯ ಭಾರವಾದದ್ದು ಹೇಗೆ?

ಸ್ವಾತಂತ್ರ್ಯದ ನಂತರ ಹೊರದೇಶದ ಹಾರಾಟಕ್ಕಾಗಿ 'ಏರ್ ಇಂಡಿಯಾ ಇಂಟರ್‌ನ್ಯಾಷನಲ್' ರೂಪುಗೊಂಡಿತು. ಅದರಲ್ಲಿ ಸರ್ಕಾರದ ಪಾಲು ಶೇ. 49, ಟಾಟಾ ಪಾಲು ಶೇ. 25. 1948ರ ಜೂನ್ 8ರಂದು 'ಮಲಬಾರ್ ಪ್ರಿನ್ಸೆಸ್' ವಿಮಾನ ಮುಂಬಯಿಯಿಂದ ಲಂಡನ್ನಿಗೆ ಹಾರಿತು. 1953ರಲ್ಲಿ ವಿಮಾನಯಾನ ಇಡಿಯಾಗಿ ರಾಷ್ಟ್ರೀಕರಣಗೊಂಡಿತು. ಒಳನಾಡಿನ ಹಾರಾಟ ಇಂಡಿಯನ್ ಏರ್‌ಲೈನ್ಸ್‌ಗೆ, ಹೊರನಾಡಿನದು ಏರ್ ಇಂಡಿಯಾಕ್ಕೆ. ರಾಷ್ಟ್ರೀಕರಣವನ್ನು ವಿರೋಧಿಸಿದ್ದ ಜೆ.ಆರ್.ಡಿ. ಅವರೇ ಏರ್ ಇಂಡಿಯಾದ ಅಧ್ಯಕ್ಷರಾದರು. 1978ರಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರ ತೆಗೆದುಹಾಕುವವರೆಗೆ ಆ ಸ್ಥಾನದಲ್ಲಿದ್ದರು. ವಿಮಾನದ ಶೌಚಾಲಯ ಶುಚಿಯಾಗಿದೆಯೇ ಎಂದು ತಾವೇ ನೋಡುತ್ತಿದ್ದ ಅಧ್ಯಕ್ಷರು ಅವರು. ಬಾಬಿ ಕೂಕಾ ಮತ್ತು ಕಲಾವಿದ ಉಮೇಶ್ ರಾವ್ 1946ರಲ್ಲಿ ಸೃಷ್ಟಿಸಿದ ದೊಡ್ಡ ಮೀಸೆಯ 'ಮಹಾರಾಜ' ಜಗತ್ತಿನಾದ್ಯಂತ ಮನೆಮಾತಾದದ್ದೂ ಈ ಕಾಲದಲ್ಲೇ.

ರಾಷ್ಟ್ರೀಯ ವಿಮಾನ ಸಂಸ್ಥೆ ಎಂದ ಮೇಲೆ ಲಾಭ ನಷ್ಟ ನೋಡದೆ ಮಾಡಬೇಕಾದ ಕೆಲಸಗಳು ಬಂದೇ ಬರುತ್ತವೆ. ಅವುಗಳಲ್ಲಿ ದೊಡ್ಡದು 1990ರದು. ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿದಾಗ ಕೇರಳದವರು, ನಮ್ಮ ಕರಾವಳಿಯವರು ಸೇರಿದಂತೆ ಲಕ್ಷಾಂತರ ಭಾರತೀಯರು ಅಲ್ಲಿ ಸಿಕ್ಕಿಬಿದ್ದರು. ಅವರು ನೆಲಮಾರ್ಗವಾಗಿ ಜೋರ್ಡಾನಿನ ಅಮ್ಮಾನ್ ಸೇರಬೇಕಿತ್ತು. ಅಲ್ಲಿಂದ ಮುಂಬಯಿಗೆ ಏರ್ ಇಂಡಿಯಾ. 59 ದಿನಗಳಲ್ಲಿ 488 ಹಾರಾಟ, ಊರು ಸೇರಿದವರು 1 ಲಕ್ಷ 11 ಸಾವಿರಕ್ಕೂ ಹೆಚ್ಚು. ಗಿನ್ನೆಸ್ ದಾಖಲೆಗೆ ಸೇರಿದ ಈ ಕೆಲಸವನ್ನು ಲಾಭಕ್ಕಾಗಿ ಯಾರೂ ಮಾಡುವಂಥದ್ದಲ್ಲ.

ಆದರೆ ಸೇವೆ ಬೇರೆ, ಸೇವೆಯ ಬಿಲ್ಲು ಬೇರೆ. ಗಣ್ಯರ ವಿಶೇಷ ಹಾರಾಟಗಳಿಗಾಗಿ ಸರ್ಕಾರದ ಇಲಾಖೆಗಳು ಏರ್ ಇಂಡಿಯಾಕ್ಕೆ ಕೊಡಬೇಕಿದ್ದ ಬಾಕಿ 1,100 ಕೋಟಿ ರೂಪಾಯಿ ದಾಟಿತ್ತೆಂಬುದು 2018ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯಿಂದ ಹೊರಬಿತ್ತು. ಮಾಲೀಕನೇ ಉದ್ರಿ ಗಿರಾಕಿಯಾದರೆ ಅಂಗಡಿ ನಡೆಯುವುದು ಹೇಗೆ?

ಹಾಗೆಂದು ಎಲ್ಲ ನಷ್ಟವನ್ನೂ ಸೇವೆಯ ತಲೆಗೆ ಕಟ್ಟುವಂತಿಲ್ಲ. 2005-06ರಲ್ಲಿ ಎರಡೂ ಸರ್ಕಾರಿ ಸಂಸ್ಥೆಗಳು ಸೇರಿ 111 ವಿಮಾನಗಳಿಗೆ ಬೇಡಿಕೆ ಸಲ್ಲಿಸಿದವು. ಹಣ ಬಹುಪಾಲು ಸಾಲದ್ದು. 2007ರಲ್ಲಿ ಎರಡನ್ನೂ ವಿಲೀನಗೊಳಿಸಲಾಯಿತು. ಬೇರೆ ಬೇರೆ ವೇತನ ಶ್ರೇಣಿ, ಬೇರೆ ಬೇರೆ ಬಡ್ತಿ ನಿಯಮ, ಎರಡು ಬಗೆಯ ಸಿಬ್ಬಂದಿ. ಒಂದು ಸೂರಿನಡಿ ಎರಡು ಒಲೆ ಎಂಬಂತಾಯಿತು. ಸಾಲದ ಬಲದಲ್ಲೇ ಇಷ್ಟು ವಿಮಾನ ಕೊಂಡದ್ದನ್ನು ಮಹಾಲೇಖಪಾಲರು 2011ರ ವರದಿಯಲ್ಲಿ ಕಟುವಾಗಿ ಟೀಕಿಸಿದರು. 2012ರಲ್ಲಿ ಸರ್ಕಾರ ಸುಮಾರು 30 ಸಾವಿರ ಕೋಟಿಯ ಪುನಶ್ಚೇತನ ಯೋಜನೆ ಹಾಕಿಕೊಟ್ಟರೂ ಸಂಸ್ಥೆ ಮೇಲೇಳಲಿಲ್ಲ. 2018ರಲ್ಲಿ ಶೇ. 76 ಪಾಲನ್ನು ಮಾರಾಟಕ್ಕಿಟ್ಟರೆ ಕೊಳ್ಳಲು ಒಬ್ಬರೂ ಮುಂದೆ ಬರಲಿಲ್ಲ.

ಕೊನೆಗೆ 2021ರ ಅಕ್ಟೋಬರಿನಲ್ಲಿ ಟಾಟಾ ಸಮೂಹ 18,000 ಕೋಟಿ ರೂಪಾಯಿಗೆ ಗೆದ್ದಿತು. ಈ ಅಂಕಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಇದರಲ್ಲಿ ಸರ್ಕಾರಕ್ಕೆ ನಗದಾಗಿ ಬಂದದ್ದು 2,700 ಕೋಟಿ ಮಾತ್ರ. ಉಳಿದ 15,300 ಕೋಟಿ ಎಂದರೆ ಟಾಟಾ ವಹಿಸಿಕೊಂಡ ಹಳೆಯ ಸಾಲ. ಆದರೆ ಸಂಸ್ಥೆಯ ಒಟ್ಟು ಸಾಲವಿದ್ದದ್ದು 61,562 ಕೋಟಿ. ಮಿಕ್ಕ 46,262 ಕೋಟಿ ಸರ್ಕಾರದ್ದೇ ಆದ ಮತ್ತೊಂದು ಕಂಪನಿಗೆ ವರ್ಗವಾಯಿತು. ಅದರೊಂದಿಗೆ 14,718 ಕೋಟಿ ಮೌಲ್ಯದ ಜಮೀನು, ಕಟ್ಟಡಗಳೂ ಸರ್ಕಾರದಲ್ಲೇ ಉಳಿದವು. ಅವನ್ನು ಕಳೆದರೂ 31 ಸಾವಿರ ಕೋಟಿಗೂ ಮೀರಿದ ಭಾರ ಸಾರ್ವಜನಿಕರ ಹಣದ್ದೇ. ವಿಮಾನ ಏರದವರೂ ಅದರಲ್ಲಿ ಪಾಲುದಾರರು. ದಿನಕ್ಕೆ ಸುಮಾರು 20 ಕೋಟಿ ನಷ್ಟ ತಪ್ಪಿತಲ್ಲ ಎಂಬುದು ಸರ್ಕಾರದ ಸಮಾಧಾನ. ಅದೂ ಸುಳ್ಳಲ್ಲ.

2022ರ ಜನವರಿ 27ರಂದು ಸಂಸ್ಥೆ ಟಾಟಾ ಕೈಗೆ ಬಂದಿತು. ಮರುವರ್ಷವೇ 470 ವಿಮಾನಗಳ ಖರೀದಿ ಘೋಷಣೆ, ಹೊಸ ಲಾಂಛನ; 2024ರ ನವೆಂಬರಿನಲ್ಲಿ ವಿಸ್ತಾರಾ ಸಂಸ್ಥೆಯ ವಿಲೀನ. ಈಶಾನ್ಯ ರಾಜ್ಯಗಳು, ಅಂಡಮಾನ್ ಮುಂತಾದ ಕಡೆಗೆ ಹಾರುವ ಕರ್ತವ್ಯವಂತೂ 1994ರಿಂದಲೇ ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ನಿಯಮದ ರೂಪದಲ್ಲಿ ಬಂದಿದೆ.

ಹಳೆಯ ಸಾಲವನ್ನು ಹೀಗೆ ಹಂಚಿಕೊಳ್ಳಬಹುದು. ಪ್ರಯಾಣಿಕನ ಜೀವದ ಹೊಣೆಯನ್ನು ಹಂಚಲು ಬರುವುದಿಲ್ಲ. 2009ರಲ್ಲಿ ಭಾರತ ಸೇರಿದ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಸಾವು ಸಂಭವಿಸಿದರೆ ಒಂದು ಮಿತಿಯವರೆಗಿನ ನಷ್ಟವನ್ನು, ತನ್ನ ತಪ್ಪಿರಲಿ ಇಲ್ಲದಿರಲಿ, ವಿಮಾನ ಸಂಸ್ಥೆ ಭರಿಸಲೇಬೇಕು. ಅದಕ್ಕಿಂತ ಹೆಚ್ಚಿನದರಿಂದ ಪಾರಾಗಬೇಕಾದರೆ ತನ್ನ ನಿರ್ಲಕ್ಷ್ಯವಿರಲಿಲ್ಲವೆಂದು ಸಂಸ್ಥೆಯೇ ಸಾಬೀತುಪಡಿಸಬೇಕು.

ಕಾಗದದ ಮೇಲೆ ಇದು ಸರಳ. 2010ರ ಮೇ 22ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜಪೆಯಲ್ಲಿ ರನ್‌ವೇ ದಾಟಿ ಕಮರಿಗೆ ಬಿದ್ದಾಗ 158 ಮಂದಿ ಸತ್ತರು, 8 ಮಂದಿ ಬದುಕುಳಿದರು. ಪ್ರತಿ ಕುಟುಂಬಕ್ಕೂ ಕನಿಷ್ಠ 75 ಲಕ್ಷ ರೂಪಾಯಿ ಕೊಡಬೇಕೆಂದು 2011ರಲ್ಲಿ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ ಹೇಳಿತು. ಸಂಸ್ಥೆ ಮೇಲ್ಮನವಿ ಹೋಯಿತು; ಆದ ನಷ್ಟವನ್ನು ತೋರಿಸಿದಷ್ಟಕ್ಕೇ ಪರಿಹಾರ ಎಂದು ವಿಭಾಗೀಯ ಪೀಠ ಆ ಆದೇಶವನ್ನು ತಳ್ಳಿಹಾಕಿತು. ಒಂದು ಕುಟುಂಬಕ್ಕೆ 7.64 ಕೋಟಿ ರೂಪಾಯಿ ಪರಿಹಾರವನ್ನು ಸುಪ್ರೀಂ ಕೋರ್ಟ್ ನಿಗದಿಪಡಿಸಿದ್ದು 2020ರ ಮಾರ್ಚಿನಲ್ಲಿ, ದುರಂತ ನಡೆದು ಹತ್ತು ವರ್ಷವಾಗುತ್ತಿರುವಾಗ. ಆಗೆಲ್ಲ ಸಂಸ್ಥೆಯ ಮಾಲೀಕ ಸರ್ಕಾರವೇ.

2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಲಂಡನ್ನಿಗೆ ಹೊರಟ ವಿಮಾನ ಮೇಲೇರಿದ ಕೆಲವೇ ಕ್ಷಣಗಳಲ್ಲಿ ವೈದ್ಯಕೀಯ ಕಾಲೇಜಿನ ಹಾಸ್ಟೆಲ್ ಮೇಲೆ ಬಿದ್ದಿತು. ವಿಮಾನದಲ್ಲಿದ್ದ 242 ಮಂದಿಯಲ್ಲಿ ಉಳಿದವರು ಒಬ್ಬರೇ. ನೆಲದ ಮೇಲಿದ್ದ 19 ಮಂದಿಯೂ ಸತ್ತರು. ಟಾಟಾ ಸಮೂಹ ಮೃತರ ಪ್ರತಿ ಕುಟುಂಬಕ್ಕೆ ಒಂದು ಕೋಟಿ ರೂಪಾಯಿ ಘೋಷಿಸಿತು, 500 ಕೋಟಿಯ ಟ್ರಸ್ಟ್ ಸ್ಥಾಪಿಸಿತು, ಹಾಸ್ಟೆಲ್ ಕಟ್ಟಲು ನೆರವಿನ ಭರವಸೆ ಕೊಟ್ಟಿತು. ಹಿಂದಿನ ಮಾಲೀಕನಿಗೆ ಹೋಲಿಸಿದರೆ ಇದು ಚುರುಕಿನ ಸ್ಪಂದನೆಯೆಂದೇ ಹೇಳಬೇಕು. ಆದರೆ ಈ ಒಂದು ಕೋಟಿ ಸಂಸ್ಥೆ ತಾನಾಗಿ ಕೊಡುವ ನೆರವೇ ಹೊರತು ಒಪ್ಪಂದದಡಿಯ ಪರಿಹಾರವಲ್ಲ. ಏರ್ ಇಂಡಿಯಾ ಬೇರೆಯಾಗಿ ಕೊಟ್ಟ 25 ಲಕ್ಷದ ಮಧ್ಯಂತರ ಮೊತ್ತ ಅಂತಿಮ ಪರಿಹಾರದಲ್ಲಿ ವಜಾ ಆಗುವಂಥದ್ದು. ಇನ್ನು ಆ 19 ಮಂದಿ ಟಿಕೆಟ್ ಕೊಂಡವರಲ್ಲ, ಪ್ರಯಾಣಿಕರೂ ಅಲ್ಲ. ಮಾಂಟ್ರಿಯಲ್ ಒಪ್ಪಂದ ಅವರಿಗೆ ಅನ್ವಯಿಸುವುದಿಲ್ಲ.