ಯಾರೂ ಕೇಳಿರಲಿಲ್ಲ

ಹಳಿಯಾಳ, ಮುಂಡಗೋಡ ಸೀಮೆಯ ಆಸ್ಪತ್ರೆಗಳಲ್ಲಿ ಚೀಟಿ ಮಾಡಿಸಿ ಕೂತವರ ದೂರುಗಳನ್ನು ಕೇಳುತ್ತಾ ಹೋದರೆ ಕೆಲವು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ. ಎದಿ ಹಾರ್ತದ. ನಿದ್ದಿ ಹತ್ತೂದಿಲ್ಲ. ಹೊಟ್ಟ್ಯಾಗ ಸಂಕಟ. ಕೈಕಾಲು ಜೋಮು. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಆದರೂ ಏನೂ ಸಿಗುವುದಿಲ್ಲ. ನರದ ವೀಕ್‌ನೆಸ್ ಎಂದು ಗುಳಿಗೆ ಬರೆಸಿಕೊಂಡು ಹೋಗುತ್ತಾರೆ. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿಕೊಳ್ಳುವವರೂ ಉಂಟು. ಈ ನೋವುಗಳಿಗೆ ನೂರು ಕಾರಣಗಳಿರಬಹುದು. ಆದರೆ ಆ ಸಾಲಿನಲ್ಲಿ ಕೂತ ಕೆಲವರ ಸಂಕಟ ಹೊಟ್ಟೆಯಲ್ಲಿ ಹುಟ್ಟಿದ್ದಲ್ಲ, ಏಳೆಂಟು ವರ್ಷದ ಮಗುವಾಗಿದ್ದಾಗ ಯಾರದೋ ಕೈಯಲ್ಲಿ ಹುಟ್ಟಿದ್ದು. ಅದು ಅವರಿಗೇ ಗೊತ್ತಿರುವುದಿಲ್ಲ.

ಗೊತ್ತಿರುವುದಿಲ್ಲ ಎಂದರೆ ನೆನಪಿಲ್ಲ ಎಂದು ಅರ್ಥ ಮಾಡಿಕೊಳ್ಳಬಾರದು. ಮರೆತವರೂ ಇದ್ದಾರೆ. ಆದರೆ ಬಹಳಷ್ಟು ಜನರಿಗೆ ಆ ಕೋಣೆ, ಆ ಹೊತ್ತು, ಆ ಮನುಷ್ಯನ ಬೀಡಿ ವಾಸನೆ ಎಲ್ಲವೂ ನಿಚ್ಚಳವಾಗಿ ನೆನಪಿರುತ್ತದೆ. ಆಗ ನಡೆದದ್ದಕ್ಕೂ, ಮೂವತ್ತೆಂಟನೇ ವಯಸ್ಸಿನಲ್ಲಿ ಗಂಡ ಹಿಂದಿನಿಂದ ಬಂದು ಹೆಗಲು ಮುಟ್ಟಿದರೆ ಬೆಚ್ಚಿಬೀಳುವುದಕ್ಕೂ ಸಂಬಂಧ ಇದೆ ಎಂಬುದು ಮಾತ್ರ ಹೊಳೆದಿರುವುದಿಲ್ಲ. ‘ನನ್ನ ಸ್ವಭಾವಾನ ಹಿಂಗ’ ಎಂದುಕೊಂಡು ಅರ್ಧ ಆಯುಷ್ಯ ಕಳೆದಿರುತ್ತಾರೆ. ಆ ಎರಡು ತುದಿಗಳು ಕೂಡಬೇಕಾದರೆ ಯಾರಾದರೂ ಕೂತು ಕೇಳಬೇಕು. ಹಾಗೆ ಕೇಳುವುದನ್ನು ಕಲಿಯಲು ವೈದ್ಯಲೋಕವೇ ನೂರು ವರ್ಷ ತೆಗೆದುಕೊಂಡಿತು.

1896ರ ಏಪ್ರಿಲ್‌ನಲ್ಲಿ ವಿಯೆನ್ನಾ ನಗರದ ವೈದ್ಯರ ಸಭೆಯಲ್ಲಿ ಸಿಗ್ಮಂಡ್ ಫ್ರಾಯ್ಡ್ ಒಂದು ಉಪನ್ಯಾಸ ಕೊಟ್ಟರು. ಹಿಸ್ಟೀರಿಯಾ ಎಂದು ಕರೆಯಲಾಗುತ್ತಿದ್ದ ಕಾಯಿಲೆಯ 18 ರೋಗಿಗಳನ್ನು ಮಾತಾಡಿಸಿದ್ದೇನೆ, ಎಲ್ಲರ ಬಾಲ್ಯದಲ್ಲೂ ಲೈಂಗಿಕ ದೌರ್ಜನ್ಯ ನಡೆದಿದೆ ಎಂದರು. ಸಭೆ ತಣ್ಣಗೆ ಕೂತಿತ್ತು. ಮರುವರ್ಷವೇ ಫ್ರಾಯ್ಡ್ ತಮ್ಮ ಮಾತನ್ನು ತಾವೇ ಅನುಮಾನಿಸತೊಡಗಿದರು. ರೋಗಿಗಳು ಹೇಳಿದ್ದರಲ್ಲಿ ಹೆಚ್ಚಿನದು ಮನಸ್ಸಿನ ಕಲ್ಪನೆ ಎಂಬ ವಾದ ಬೆಳೆಯಿತು. ಅಲ್ಲಿಂದ ಮುಂದೆ ಅನೇಕ ದಶಕಗಳ ಕಾಲ ಎಷ್ಟೋ ಹೆಣ್ಣುಮಕ್ಕಳು ವೈದ್ಯರ ಎದುರು ನಿಜ ಹೇಳಿ ‘ಅದು ನಿನ್ನ ಭ್ರಮೆ’ ಎಂದು ಕೇಳಿಸಿಕೊಂಡು ಬಂದರು. ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಇದಕ್ಕಿಂತ ಕ್ರೂರವಾದ ಹಿಂದೆಗೆತ ನನಗೆ ತಿಳಿದಿಲ್ಲ.

ಮಧ್ಯದ ದಾರಿಯನ್ನು ಬೇಗ ದಾಟುತ್ತೇನೆ. 1962ರಲ್ಲಿ ಅಮೆರಿಕದ ಮಕ್ಕಳ ತಜ್ಞ ಹೆನ್ರಿ ಕೆಂಪೆ ಮತ್ತು ಸಂಗಡಿಗರು, ಮಕ್ಕಳ ಮುರಿದ ಮೂಳೆಗಳ ಎಕ್ಸ್‌ರೇ ಹಿಡಿದುಕೊಂಡು, ಇವು ಬಿದ್ದು ಮುರಿದವಲ್ಲ, ಹೊಡೆದು ಮುರಿದವು ಎಂದು ಬರೆದರು. 1970ರ ದಶಕದಲ್ಲಿ ಮಹಿಳಾ ಚಳವಳಿಯ ಕೂಟಗಳಲ್ಲಿ ಹೆಂಗಸರು ಪರಸ್ಪರ ಬಾಯಿಬಿಟ್ಟರು. 1981ರಲ್ಲಿ ಮನೋವೈದ್ಯೆ ಜುಡಿತ್ ಹರ್ಮನ್ ತಂದೆಯಿಂದಲೇ ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಕ್ಕಳ ಬಗ್ಗೆ ಪುಸ್ತಕ ಬರೆದರು. ಯುದ್ಧದಿಂದ ಮರಳಿದ ಸೈನಿಕ ರಾತ್ರಿ ಬೆಚ್ಚಿ ಏಳುವುದಕ್ಕೂ, ತನ್ನದೇ ಮನೆಯಲ್ಲಿ ನಲುಗಿದ ಹುಡುಗಿ ದೊಡ್ಡವಳಾದ ಮೇಲೆ ಬೆಚ್ಚಿ ಏಳುವುದಕ್ಕೂ ಬೇರು ಒಂದೇ ಎಂದು 1992ರಲ್ಲಿ ಅವರೇ ತೋರಿಸಿಕೊಟ್ಟರು.

ನಿಂತು ನೋಡಬೇಕಾದ ಘಟನೆ ನಡೆದದ್ದು ಬೊಜ್ಜು ಕರಗಿಸುವ ಕ್ಲಿನಿಕ್ಕಿನಲ್ಲಿ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ 1980ರ ದಶಕದಲ್ಲಿ ವಿನ್ಸೆಂಟ್ ಫೆಲಿಟಿ ಎಂಬ ವೈದ್ಯರು ಅಂಥದ್ದೊಂದು ಕಾರ್ಯಕ್ರಮ ನಡೆಸುತ್ತಿದ್ದರು. ಜನ ತೂಕ ಇಳಿಸಿಕೊಳ್ಳುತ್ತಿದ್ದರು. ಆದರೆ ಚೆನ್ನಾಗಿ ಇಳಿಸಿಕೊಂಡವರೇ ನಡುವೆ ಬಿಟ್ಟು ಓಡಿಹೋಗುತ್ತಿದ್ದರು. ಯಾಕೆಂದು ತಿಳಿಯಲು ಫೆಲಿಟಿ ಅವರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಮಾತಾಡಿಸಿದರು. ಹುಟ್ಟಿದಾಗ ಎಷ್ಟು ತೂಕ, ಶಾಲೆ ಸೇರಿದಾಗ ಎಷ್ಟು ತೂಕ ಎಂಬಂಥ ಪ್ರಶ್ನೆಗಳು. ಒಂದು ದಿನ ಒಬ್ಬ ಹೆಂಗಸಿಗೆ ‘ಮೊದಲ ಲೈಂಗಿಕ ಸಂಪರ್ಕದ ಹೊತ್ತಿಗೆ ನಿಮ್ಮ ವಯಸ್ಸೆಷ್ಟು’ ಎಂದು ಕೇಳುವ ಬದಲು ಬಾಯಿತಪ್ಪಿ ‘ತೂಕವೆಷ್ಟು’ ಎಂದುಬಿಟ್ಟರು. ಆಕೆ 40 ಪೌಂಡ್ ಎಂದರು. ಅಂದರೆ 18 ಕಿಲೋ. ಆಮೇಲೆ ಅತ್ತರು. ಆ ಮನುಷ್ಯ ಆಕೆಯ ತಂದೆ.

ಫೆಲಿಟಿ ಬೆಚ್ಚಿದರು. ಸಹೋದ್ಯೋಗಿಗಳಿಗೂ ಕೇಳಲು ಹೇಳಿದರು. ಮಾತಾಡಿಸಿದ 286 ಜನರಲ್ಲಿ ಹೆಚ್ಚಿನವರು ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯ ಕಂಡವರು. ವೈದ್ಯರು ಕಾಯಿಲೆ ಎಂದುಕೊಂಡಿದ್ದ ಬೊಜ್ಜು ಅವರಲ್ಲಿ ಹಲವರಿಗೆ ರಕ್ಷಣೆಯಾಗಿತ್ತು. ದಪ್ಪಗಿದ್ದರೆ ಯಾರೂ ತಮ್ಮ ಕಡೆ ನೋಡುವುದಿಲ್ಲ ಎಂಬ ಭರವಸೆಯದು. ತೂಕ ಇಳಿದು ಯಾರೋ ಒಬ್ಬ ಹಲ್ಲು ಕಿರಿದರೆ ಸಾಕು, ಭಯ ಮರಳಿ ಬಂದು ಮತ್ತೆ ತಿನ್ನತೊಡಗುತ್ತಿದ್ದರು. 1990ರಲ್ಲಿ ತಜ್ಞರ ಸಮ್ಮೇಳನವೊಂದರಲ್ಲಿ ಫೆಲಿಟಿ ಇದನ್ನು ಹೇಳಿದಾಗ, ಸೋತ ಬದುಕಿಗೆ ರೋಗಿಗಳು ಕಟ್ಟಿಕೊಂಡ ನೆಪ ಇದು ಎಂದು ಸಭಿಕರೊಬ್ಬರು ಎದ್ದು ಜರೆದರು. ವಿಯೆನ್ನಾದ ಸಭೆ ಕಳೆದು ತೊಂಬತ್ತನಾಲ್ಕು ವರ್ಷಗಳಾದ ಮೇಲೂ ಅದೇ ಉತ್ತರ!

ಆದರೆ ಫ್ರಾಯ್ಡ್ ಅವರಂತೆ ಫೆಲಿಟಿ ಹಿಂದೆ ಸರಿಯಲಿಲ್ಲ. ರಾಬರ್ಟ್ ಆಂಡಾ ಎಂಬ ಸಾರ್ವಜನಿಕ ಆರೋಗ್ಯ ತಜ್ಞರ ಜೊತೆಗೂಡಿ ಸಾವಿರಾರು ಜನರನ್ನು ಕೇಳಿದರು. ಅಧ್ಯಯನ ಮುಗಿಯುವ ಹೊತ್ತಿಗೆ ಉತ್ತರಿಸಿದವರು 17,000ಕ್ಕೂ ಹೆಚ್ಚು. 1998ರಲ್ಲಿ ಮೊದಲ ವರದಿ ಬಂತು. ಹೊಡೆತ, ಬೈಗುಳ, ಲೈಂಗಿಕ ದೌರ್ಜನ್ಯ, ತಾಯಿಗೆ ಬೀಳುವ ಏಟು, ಮನೆಯಲ್ಲಿ ಕುಡುಕರು ಎಂಬಂಥ ಅನುಭವಗಳಲ್ಲಿ ನಾಲ್ಕು ಅಥವಾ ಹೆಚ್ಚಿನದನ್ನು ಕಂಡವರಿಗೆ ಕುಡಿತದ ಚಟ, ಖಿನ್ನತೆ, ಆತ್ಮಹತ್ಯೆ ಯತ್ನದ ಅಪಾಯ ನಾಲ್ಕರಿಂದ ಹನ್ನೆರಡು ಪಟ್ಟು ಹೆಚ್ಚಿತ್ತು. ಹೃದ್ರೋಗ, ಶ್ವಾಸಕೋಶದ ಕಾಯಿಲೆಗಳೂ ಹೆಚ್ಚಿದ್ದವು. ಅಪಾಯದಲ್ಲೇ ಬೆಳೆದ ಮಗುವಿನ ದೇಹ ಸದಾ ಎಚ್ಚರದಲ್ಲಿರಲು ಕಲಿಯುತ್ತದೆ. ಅಪಾಯ ಹೋದ ಮೇಲೂ ಆ ಕಲಿಕೆ ಹೋಗುವುದಿಲ್ಲ. ಕೆಲವರಲ್ಲಿ ಎದಿ ಹಾರುವುದೂ ನಿದ್ದಿ ಹತ್ತದಿರುವುದೂ ಅಲ್ಲಿಂದಲೇ.

ನಮ್ಮಲ್ಲಿ ಈ ಮಾತು ಮೊದಲು ಎದ್ದ ಜಾಗಗಳಲ್ಲಿ ಬೆಂಗಳೂರೂ ಒಂದು ಎಂಬುದು ಹೆಚ್ಚು ಜನರಿಗೆ ತಿಳಿಯದು. ‘ಸಂವಾದ’ ಎಂಬ ಸಂಸ್ಥೆ 1990ರ ದಶಕದಲ್ಲಿ ರಾಜ್ಯದ 11 ಶಾಲಾ ಕಾಲೇಜುಗಳ 348 ಹುಡುಗಿಯರ ನಡುವೆ ಕಾರ್ಯಾಗಾರ ನಡೆಸಿ 1996ರಲ್ಲಿ ವರದಿ ತಂದಿತು. ಮೈಮೇಲೆ ಕೈಹಾಕಿಸಿಕೊಂಡ ಅನುಭವ ಹೇಳಿದವರು ಹೆಚ್ಚುಕಡಿಮೆ ಅರ್ಧದಷ್ಟಿದ್ದರು. ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ಡಾ. ಶೇಖರ್ ಶೇಷಾದ್ರಿ ಅಂಥ ಮಕ್ಕಳ ಜೊತೆ ದಶಕಗಳ ಕಾಲ ಕೂತರು. ಅದೇ 1996ರಲ್ಲಿ ದೆಹಲಿಯಲ್ಲಿ, ಮನೆಯೊಳಗೇ ಬಾಲ್ಯ ಕಳೆದುಕೊಂಡ ಹೆಂಗಸರಿಗಾಗಿ ‘ರಾಹಿ’ ಸಂಸ್ಥೆ ಹುಟ್ಟಿತು. 2000ದಲ್ಲಿ ಪಿಂಕಿ ವಿರಾನಿಯವರ ‘ಬಿಟರ್ ಚಾಕೊಲೇಟ್’ ಬಂತು. ತಮ್ಮ ಹಾಗೆ ಇನ್ನೊಬ್ಬರಿದ್ದಾರೆ ಎಂಬುದು ಎಷ್ಟೋ ಓದುಗರಿಗೆ ಮೊದಲು ತಿಳಿದದ್ದು ಅದರಲ್ಲಿ. ಆದರೆ ಅದು ಇಂಗ್ಲಿಷ್ ಪುಸ್ತಕ, ‘ರಾಹಿ’ ದೆಹಲಿಯ ಸಂಸ್ಥೆ. ಹಳಿಯಾಳದ ಹೆಂಗಸಿಗೆ ಅವು ಸಿಕ್ಕಿರುವ ಸಾಧ್ಯತೆ ಎಷ್ಟು?

ಹಳಿಯಾಳದ ಪಕ್ಕದ ಜೋಯಿಡಾದ ನೆರೆಯೇ ಗೋವಾ. ರಾಮನಗರದ ದಾರಿಯಲ್ಲಿ ಅನಮೋಡ ಘಾಟಿ ಇಳಿದರೆ ಆಯಿತು. ಅಲ್ಲಿನ ಮಡಗಾಂವ್‌ನಲ್ಲಿ ಅನಾಥಾಲಯದ ಹೆಸರಿನಲ್ಲಿ ಹುಡುಗರನ್ನು ಬಳಸಿಕೊಳ್ಳುತ್ತಿದ್ದ ಫ್ರೆಡ್ಡಿ ಪೀಟ್ಸ್ 1991ರಲ್ಲಿ ಸಿಕ್ಕಿಬಿದ್ದು 1996ರಲ್ಲಿ ಜೀವಾವಧಿ ಶಿಕ್ಷೆಗೆ ಗುರಿಯಾದ. 2003ರಲ್ಲೇ ಗೋವಾ ಮಕ್ಕಳಿಗಾಗಿ ಪ್ರತ್ಯೇಕ ಕಾಯ್ದೆ ಮಾಡಿಕೊಂಡಿತು. ಘಾಟಿಯ ಮೇಲಿನ ಮಕ್ಕಳು, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ ಪೋಕ್ಸೊ ಕಾಯ್ದೆ ಜಾರಿಯಾದ 2012ರ ನವೆಂಬರ್ 14ರ ತನಕ ಕಾಯಬೇಕಾಯಿತು. ಕೇಂದ್ರ ಸರ್ಕಾರ 13 ರಾಜ್ಯಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲೂ ಗೋವಾ ಇತ್ತು, ಕರ್ನಾಟಕ ಇರಲಿಲ್ಲ. 12,447 ಮಕ್ಕಳನ್ನು ಕೇಳಿದಾಗ ಶೇ 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಹೇಳಿಕೊಂಡರು. ಹಾಗೆ ಹೇಳಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಗಂಡುಮಕ್ಕಳು. ದೌರ್ಜನ್ಯ ಎಸಗಿದವರಲ್ಲಿ ಅರ್ಧದಷ್ಟು ಜನ ಮಗುವಿನ ಪರಿಚಯದವರು, ನಂಬಿಕೆಯವರು.

ಕಾನೂನು ಬಂದರೆ ಹಳೆಯ ಗಾಯಕ್ಕೇನು ಎಂದು ಕೇಳುವವರಿದ್ದಾರೆ. ತನಗಾದದ್ದರ ಪರಿಣಾಮ ಗುರುತಿಸುವ ಮೊದಲು, ಆದದ್ದು ತಪ್ಪು ಎಂದು ಮನುಷ್ಯನಿಗೆ ಅನ್ನಿಸಬೇಕು. ಈ ಸೀಮೆಯ ಚರಿತ್ರೆಯೇ ಇದಕ್ಕೆ ಸಾಕ್ಷಿ. ಹಳಿಯಾಳ, ಮುಂಡಗೋಡದ ಸಿದ್ದಿ ಕುಟುಂಬಗಳು ಭೂಮಾಲೀಕರ ಬಳಿ ತಲೆಮಾರುಗಟ್ಟಲೆ ಜೀತಕ್ಕಿದ್ದವು. ಜೀತದ ಮನೆಯಲ್ಲಿ ದನ ಕಾಯುವ, ಸಗಣಿ ಬಾಚುವ ಮಗುವಿಗೆ ಬಿದ್ದ ಏಟಿಗೆ ಲೆಕ್ಕವಿರಲಿಲ್ಲ, ಅದು ಪದ್ಧತಿ. 1976ರಲ್ಲಿ ಜೀತ ಅಪರಾಧವಾಯಿತು. ಶಾಲೆಯ ಬೆತ್ತವೂ ಪದ್ಧತಿಯೇ ಆಗಿತ್ತು, 2010ರ ಏಪ್ರಿಲ್‌ನಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದು ಅದನ್ನು ನಿಷೇಧಿಸಿತು. ‘ಆಗ ಎಲ್ಲರಿಗೂ ಹೊಡೀತಿದ್ರು’ ಎಂದು ನಗುತ್ತಾ ಹೇಳುವ ಅರವತ್ತರ ಮುದುಕನ ಕೈ, ಎದುರಿನವರು ದನಿ ಏರಿಸಿದೊಡನೆ ನಡುಗುವುದುಂಟು. ಎಲ್ಲರಿಗೂ ಆದದ್ದು ಎಂಬ ಕಾರಣಕ್ಕೆ ಯಾರಿಗೂ ಆಗಿಲ್ಲವೆಂಬಂತೆ ಬದುಕಿದ ತಲೆಮಾರು ಅದು.

ಹಳಿಯಾಳ, ಮುಂಡಗೋಡ, ಜೋಯಿಡಾ, ದಾಂಡೇಲಿ ಈ ನಾಲ್ಕು ತಾಲ್ಲೂಕುಗಳಲ್ಲಿ ದೊಡ್ಡವರ ಕಷ್ಟಗಳೇ ಬೆಟ್ಟದಷ್ಟು. ಸೂಪಾ ಅಣೆಕಟ್ಟಿನಲ್ಲಿ ಊರು ಮುಳುಗಿ ರಾಮನಗರಕ್ಕೆ ಬಂದವರು, ಕಾಗದ ಕಾರ್ಖಾನೆಯ ಕೆಲಸ ಹುಡುಕಿ ದಾಂಡೇಲಿಗೆ ಬಂದವರು, ದೇಶವನ್ನೇ ಬಿಟ್ಟು 1960ರ ದಶಕದಲ್ಲಿ ಮುಂಡಗೋಡದಲ್ಲಿ ನೆಲೆ ನಿಂತ ಟಿಬೆಟನ್ನರು, ಕಾಡಿನಂಚಿನಲ್ಲಿ ದನ ಸಾಕುವ ಗೌಳಿಗರು, ಜೋಯಿಡಾದ ಕುಣಬಿಗಳು. ಹೊಟ್ಟೆಪಾಡೇ ಇಷ್ಟಿರುವಲ್ಲಿ ಮಗುವಿನ ದುಃಖ ಸರದಿಯ ಕೊನೆಗೆ ಹೋಗುತ್ತದೆ. ಮನೆ ದೂರವೆಂದು ಮಕ್ಕಳು ಚಿಕ್ಕಂದಿನಲ್ಲೇ ಹಾಸ್ಟೆಲ್ ಸೇರುತ್ತಾರೆ, ಇಲ್ಲವೇ ನೆಂಟರ ಮನೆಯಲ್ಲಿ ಉಳಿಯುತ್ತಾರೆ. ಅಲ್ಲಿ ಏನಾದರೂ ಆದರೆ ಹೇಳಿಕೊಳ್ಳಲು ಹತ್ತಿರದಲ್ಲಿ ಯಾರಿದ್ದಾರೆ? ಭಾಷೆಯ ತೊಡಕು ಬೇರೆ. ಮನೆಯಲ್ಲಿ ಕೊಂಕಣಿ, ಮರಾಠಿ, ಉರ್ದು ಅಥವಾ ಟಿಬೆಟನ್ ಆಡುವವರು ಆಸ್ಪತ್ರೆಯಲ್ಲಿ ಕನ್ನಡದಲ್ಲಿ ಹೇಳಬೇಕು. ಹೊಟ್ಟೆನೋವನ್ನು ಯಾವ ಭಾಷೆಯಲ್ಲೂ ಹೇಳಬಹುದು, ಇದನ್ನು ಹಾಗೆ ಹೇಳಲಾಗದು.

ಹಾಗಾದರೆ ಗುರುತು ಹತ್ತುವುದು ಯಾವಾಗ? ಬಹುಪಾಲು ಬೇರೆ ಯಾವುದೋ ನೆಪದಲ್ಲಿ. ತನ್ನ ಮಗಳಿಗೆ ಏಳು ತುಂಬಿದಾಗ ತಾಯಿಗೆ ಕಾರಣವಿಲ್ಲದೆ ಭಯ ಶುರುವಾಗುತ್ತದೆ, ಮಗುವನ್ನು ಯಾರ ಮಡಿಲಿಗೂ ಬಿಡುವುದಿಲ್ಲ. ಹೆರಿಗೆ ಕೋಣೆಯ ಪರೀಕ್ಷೆಯಲ್ಲಿ ಮೈ ಕಲ್ಲಾಗುತ್ತದೆ. ದೌರ್ಜನ್ಯ ಮಾಡಿದವನು ಸತ್ತ ಸುದ್ದಿ ಬಂದಾಗ ಅಳು ಬಾರದೆ ಸಿಟ್ಟು ಬರುತ್ತದೆ. ಟಿವಿಯಲ್ಲಿ ಬೇರೆ ಊರಿನ ಮಗುವಿನ ಸುದ್ದಿ ನೋಡುತ್ತಾ ಕೈ ಬೆವರುತ್ತದೆ. ಗಂಡಸರು ಇನ್ನೂ ತಡ. ತನಗಾದದ್ದನ್ನು ಆಟವೆಂದೋ ನಾಚಿಕೆಗೇಡೆಂದೋ ಒಳಗಿಟ್ಟುಕೊಂಡವನು ಸಂಜೆಯ ಕುಡಿತಕ್ಕೂ ಅದಕ್ಕೂ ನಂಟಿದೆ ಎಂದು ಒಪ್ಪಲು ದಶಕಗಳೇ ಬೇಕಾಗಬಹುದು.

ಆ ನಂಟು ಹೊಳೆದ ದಿನವೇ ನೆಮ್ಮದಿ ಬರುತ್ತದೆ ಎಂದು ಹೇಳಲಾರೆ. ಮೊದಲು ನೋವು ಹೆಚ್ಚುತ್ತದೆ. ಅಮ್ಮನಿಗೆ ಗೊತ್ತಿತ್ತೇ ಎಂಬ ಪ್ರಶ್ನೆ ಸುಡುತ್ತದೆ. ಆದರೆ ‘ನಾನೇ ಸರಿ ಇಲ್ಲ’ ಎಂಬ ಮಾತು ನಿಧಾನಕ್ಕೆ ‘ನನಗೆ ಹೀಗಾಯಿತು’ ಎಂದಾಗುತ್ತದೆ, ಚಿಕಿತ್ಸೆ ಅಲ್ಲಿಂದ ಶುರು. ಫೆಲಿಟಿ, ಆಂಡಾ ಅವರ ಅಧ್ಯಯನದ ಅಂಕಿ ಅಂಶಗಳನ್ನು ಹಣೆಬರಹವೆಂದು ಓದಬಾರದು. ಒಬ್ಬೊಬ್ಬರ ಭವಿಷ್ಯ ಹೇಳಲು ಆ ಲೆಕ್ಕ ಬಳಸಬೇಡಿ ಎಂದು ಆಂಡಾ ಅವರೇ ಮುಂದೆ ಎಚ್ಚರಿಸಿದ್ದಾರೆ. ಬಾಲ್ಯದಲ್ಲಿ ಒಬ್ಬ ಅಜ್ಜಿಯೋ ಒಬ್ಬ ಟೀಚರೋ ನಂಬಿದ್ದರೆ ಅದರ ಫಲ ಇಡೀ ಬದುಕಿಗೆ ಇರುತ್ತದೆ. ದೀರ್ಘಕಾಲದ ದೌರ್ಜನ್ಯದಿಂದ ಬರುವ ಈ ಸ್ಥಿತಿಗೆ ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ಬಂದ ರೋಗಪಟ್ಟಿಯಲ್ಲಿ ಪ್ರತ್ಯೇಕ ಸ್ಥಾನ ಕೊಟ್ಟಿದೆ. ದೂರು ಕೊಡಬೇಕೆನ್ನಿಸಿದರೆ ಪೋಕ್ಸೊ ಪ್ರಕರಣಗಳಿಗೆ ಕಾಲಮಿತಿ ಇಲ್ಲ ಎಂದು ಕೇಂದ್ರ ಕಾನೂನು ಸಚಿವಾಲಯ 2018ರಲ್ಲಿ ಸ್ಪಷ್ಟಪಡಿಸಿದೆ. 2012ಕ್ಕಿಂತ ಹಿಂದಿನ ಕೃತ್ಯಗಳಿಗೆ ಮಾತ್ರ ಆಗಿನ ಕಾನೂನೇ ಅನ್ವಯ.

ಹಳಿಯಾಳದಿಂದ ಒಂದು ತಾಸಿನ ದಾರಿಯಲ್ಲಿ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ರಾಜ್ಯದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೇ ಮನೋವೈದ್ಯರು ಬರುವ ಏರ್ಪಾಡಿದೆ. ಆದರೆ ಅಲ್ಲಿಗೆ ಹೋಗಿ ಎಂದು ಮೊದಲು ಹೇಳಬೇಕಾದವರು ಉಳಿದ ದಿನಗಳಲ್ಲಿ ಎದಿ ಹಾರುವ ದೂರು ಕೇಳುವ ವೈದ್ಯರು, ನರ್ಸ್‌ಗಳು, ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರು. ಅವರಲ್ಲಿ ನನ್ನದೊಂದು ಕೋರಿಕೆ. ಪರೀಕ್ಷೆಗಳಲ್ಲಿ ಏನೂ ಸಿಗದಾಗ ಬಾಗಿಲು ಮುಚ್ಚಿ, ಜೊತೆಗೆ ಬಂದವರನ್ನು ಹೊರಗೆ ಕೂರಿಸಿ, ಚಿಕ್ಕಂದಿನಲ್ಲಿ ಯಾರಾದರೂ ನೋಯಿಸಿದ್ದರೇ ಎಂದು ಮೆಲ್ಲಗೆ ಕೇಳಿ. ಉತ್ತರ ಬರದಿದ್ದರೆ ಒತ್ತಾಯ ಬೇಡ. ಬಂದರೆ, ನಂಬಿ. ಇದನ್ನು ಓದುತ್ತಾ ನಿಮ್ಮ ಕೈಯೇ ಬೆವರಿದ್ದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮನಸ್ ಸಹಾಯವಾಣಿ, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಮಗುವೊಂದು ಈಗ ಅಪಾಯದಲ್ಲಿದೆ ಎಂದು ಗೊತ್ತಿದ್ದರೆ 1098ಕ್ಕೆ ಇವತ್ತೇ ಕರೆ ಮಾಡಿ.