ಕನೆಕ್ಷನ್ ತಪ್ಪಿದಾಗ

'ಕನೆಕ್ಷನ್' ಎಂಬ ಮಾತು ಹಾಸನದ ಸೀಮೆಗೆ ವಿಮಾನದೊಡನೆ ಬಂದದ್ದಲ್ಲ, ರೈಲಿನೊಡನೆ ಬಂದದ್ದು. ಮೈಸೂರು–ಅರಸೀಕೆರೆ ಮೀಟರ್‌ಗೇಜ್ ಹಾದಿಯಲ್ಲಿ, ಹೊಳೆನರಸೀಪುರದಲ್ಲೋ ಹಾಸನದಲ್ಲೋ ಗಾಡಿ ಹತ್ತಿದವರು ಹುಬ್ಬಳ್ಳಿಯ ಕಡೆಗೆ ಹೋಗಬೇಕಾದರೆ ಅರಸೀಕೆರೆಯಲ್ಲಿ ಇಳಿದು, ಬೆಂಗಳೂರಿನ ಕಡೆಯಿಂದ ಬರುವ ಗಾಡಿಗಾಗಿ ಕಾಯಬೇಕಾಗಿತ್ತು. ಅರಕಲಗೂಡಿನವರಿಗೂ ಚನ್ನರಾಯಪಟ್ಟಣದವರಿಗೂ ಆಗ ರೈಲೇ ಇರಲಿಲ್ಲವಾದ್ದರಿಂದ ಅವರು ಬಸ್ಸು ಹಿಡಿದು ಬಂದು ಈ ಕಾಯುವಿಕೆಯಲ್ಲಿ ಪಾಲುದಾರರಾಗುತ್ತಿದ್ದರು. ಹಾಸಿಗೆ ಸುರುಳಿಯ ಮೇಲೆ ಮಕ್ಕಳನ್ನು ಕೂರಿಸಿ, ಬುತ್ತಿಯ ಗಂಟು ಬಿಚ್ಚಿ, 'ಕನೆಕ್ಷನ್ ಗಾಡಿ ಎಷ್ಟು ಹೊತ್ತಿಗೆ ಸ್ವಾಮಿ?' ಎಂದು ಪೋರ್ಟರನ್ನು ಕೇಳುವುದು ಪ್ರಯಾಣದ ಒಂದು ಅಂಗವೇ ಆಗಿತ್ತು.

ಆ ಏರ್ಪಾಡಿನಲ್ಲಿ ಒಂದು ನ್ಯಾಯವಿತ್ತು. ಹೊಳೆನರಸೀಪುರದಲ್ಲಿ ಕೊಂಡ ಒಂದೇ ಟಿಕೆಟ್ಟು ಹುಬ್ಬಳ್ಳಿಯವರೆಗೂ ನಡೆಯುತ್ತಿತ್ತು. ಎರಡು ಗಾಡಿಗಳಿಗೂ ಒಡೆಯ ಒಬ್ಬನೇ. ಮೊದಲನೆಯದು ತಡವಾಗಿ ಎರಡನೆಯದು ಹೊರಟುಹೋದರೆ, ಅದೇ ಟಿಕೆಟ್ಟನ್ನು ಹಿಡಿದು ಮುಂದಿನ ಗಾಡಿಗೆ ಹತ್ತಬಹುದಿತ್ತು. ಪ್ರಯಾಣಿಕನಿಗೆ ಹೊತ್ತು ನಷ್ಟವಾಗುತ್ತಿತ್ತು, ಹಣ ನಷ್ಟವಾಗುತ್ತಿರಲಿಲ್ಲ. ಈ ಒಂದು ಅಂಶವನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಇಂದು ವಿಮಾನ ನಿಲ್ದಾಣಗಳಲ್ಲಿ ನಮ್ಮವರು ಪಡುವ ಪಾಡು ಅರ್ಥವಾಗುತ್ತದೆ.

ವಿಮಾನವೆಂದರೆ ಹಾಸನಕ್ಕೆ ತೀರ ಪರಕೀಯ ವಸ್ತುವೇನೂ ಅಲ್ಲ. ಹಾಸನಕ್ಕೂ ಅರಕಲಗೂಡಿಗೂ ನಡುವೆ ಹೇಮಾವತಿಯ ದಡದಲ್ಲಿರುವ ಗೊರೂರಿನಿಂದ ಹೊರಟ ರಾಮಸ್ವಾಮಿ ಅಯ್ಯಂಗಾರ್ಯರು ಇಳಿವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿಬಂದು ಬರೆದ 'ಅಮೆರಿಕಾದಲ್ಲಿ ಗೊರೂರು' ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅಂದು ನಮ್ಮೂರುಗಳಿಂದ ವಿದೇಶಕ್ಕೆ ಹಾರುವುದು ಪುಸ್ತಕ ಬರೆಯಬೇಕಾದಷ್ಟು ಅಪೂರ್ವವಾದ ಸಂಗತಿ. ಅದನ್ನು ಅಪೂರ್ವವಲ್ಲದಂತೆ ಮಾಡಿದವರೂ ಅದೇ ಗೊರೂರಿನಲ್ಲಿ ಬೆಳೆದವರು. ಸೈನ್ಯದಿಂದ ಮರಳಿ, ಜಾವಗಲ್ಲಿನ ಬಳಿ ಬೇಸಾಯ ಮಾಡಿದ ಕ್ಯಾಪ್ಟನ್ ಗೋಪಿನಾಥರು 2003ರಲ್ಲಿ ಏರ್ ಡೆಕ್ಕನ್ ಎಂಬ ಅಗ್ಗದ ದರದ ವಿಮಾನ ಕಂಪೆನಿಯನ್ನು ಆರಂಭಿಸಿದರು. ಆರ್. ಕೆ. ಲಕ್ಷ್ಮಣರ 'ಶ್ರೀಸಾಮಾನ್ಯ'ನೇ ಅದರ ಲಾಂಛನ. ಕೆಲವು ಸೀಟುಗಳನ್ನು ಒಂದು ರೂಪಾಯಿಗೂ ಮಾರಿದ್ದುಂಟು. 2008ರಲ್ಲಿ ಅದು ಕಿಂಗ್‌ಫಿಷರಿನಲ್ಲಿ ಲೀನವಾಯಿತು, 2012ರಲ್ಲಿ ಕಿಂಗ್‌ಫಿಷರೂ ಹಾರಾಟ ನಿಲ್ಲಿಸಿತು. ಆದರೆ ಅವರು ತೋರಿದ ದಾರಿ ಉಳಿಯಿತು. ಇಂದು ನಮ್ಮ ಆಕಾಶದಲ್ಲಿ ಹಾರುವ ವಿಮಾನಗಳಲ್ಲಿ ಹೆಚ್ಚಿನವು ಆ ಪಂಥದವೇ.

ಆ ಪಂಥದ ಲೆಕ್ಕಾಚಾರ ಸರಳವಾದದ್ದು. ಮೇಲುದರ್ಜೆಯ ಅಗಲವಾದ ಆಸನಗಳನ್ನು ಕಿತ್ತುಹಾಕಿದರೆ ಏರ್‌ಬಸ್ 320 ಜಾತಿಯ ವಿಮಾನದಲ್ಲಿ ನೂರೆಂಬತ್ತು ಜನರನ್ನು ಕೂರಿಸಬಹುದು. ಮುಂದಿನ ಸೀಟಿಗೆ ಮೊಣಕಾಲು ತಗಲುವುದು ಈ ಗಣಿತದ ಫಲ. ವಿಮಾನ ನೆಲದ ಮೇಲೆ ನಿಂತಿರುವಷ್ಟು ಹೊತ್ತೂ ಖರ್ಚು, ಹಾರುತ್ತಿರುವಾಗ ಮಾತ್ರ ಸಂಪಾದನೆ. ಆದ್ದರಿಂದ ಇಳಿದ ಅರ್ಧ ಗಂಟೆಯೊಳಗೆ ಅದನ್ನು ಗುಡಿಸಿ, ಎಣ್ಣೆ ತುಂಬಿಸಿ, ಮತ್ತೊಂದು ಗುಂಪನ್ನು ಹತ್ತಿಸಿ ಹೊರಡಿಸುತ್ತಾರೆ. ಒಂದೇ ವಿಮಾನ ಬೆಳಗಿನಿಂದ ರಾತ್ರಿಯವರೆಗೆ ಐದಾರು ಊರು ಮುಟ್ಟುತ್ತದೆ. ಬೆಳಿಗ್ಗೆ ದೆಹಲಿಯಲ್ಲಿ ಮಂಜು ಕವಿದು ಎರಡು ಗಂಟೆ ತಡವಾಯಿತೆನ್ನಿ. ಅಷ್ಟು ಬಿಗಿಯಾದ ದಿನಚರಿಯಲ್ಲಿ ಕಳೆದ ಹೊತ್ತನ್ನು ತುಂಬಿಕೊಳ್ಳಲು ಎಡೆಯೆಲ್ಲಿ? ಬೆಂಗಳೂರಿನಲ್ಲಿ ಸಂಜೆ ಆಕಾಶ ನಿರ್ಮಲವಾಗಿದ್ದರೂ ನಿಮ್ಮ ವಿಮಾನ ಬಂದಿರುವುದಿಲ್ಲ. 'ಮಳೆಯಿಲ್ಲ, ಗಾಳಿಯಿಲ್ಲ, ಏಕೆ ತಡ?' ಎಂದು ಜನ ರೇಗುತ್ತಾರೆ. ಕಾರಣ ಸಾವಿರ ಮೈಲಿ ಆಚೆ, ಹತ್ತು ಗಂಟೆ ಹಿಂದೆ ಇರುತ್ತದೆ.

ಬಸ್ಸಿನವನು ಓಡಿಬರುವವನನ್ನು ಕಂಡು ಒಂದು ನಿಮಿಷ ನಿಲ್ಲಿಸಿಯಾನು, ವಿಮಾನದವರು ನಿಲ್ಲಿಸುವುದಿಲ್ಲ. ಹೊರಡುವ ಹೊತ್ತಿಗೆ 20–25 ನಿಮಿಷ ಮೊದಲೇ ಬಾಗಿಲು ಮುಚ್ಚುತ್ತಾರೆ. ಇದನ್ನು ನಾನು ಕ್ರೌರ್ಯವೆನ್ನಲಾರೆ. ಒಬ್ಬನಿಗಾಗಿ ಕಾದರೆ, ಒಳಗೆ ಕುಳಿತ ನೂರೆಂಬತ್ತು ಮಂದಿಯಲ್ಲಿ ಹತ್ತು ಮಂದಿಯ ಕನೆಕ್ಷನ್ ತಪ್ಪೀತು. ಚಾಲಕ ಎಷ್ಟು ಗಂಟೆ ದುಡಿಯಬಹುದೆಂಬುದಕ್ಕೂ ಕಾನೂನಿನ ಮಿತಿಯುಂಟು. ಕಾಯದಿರುವುದು ತಪ್ಪಲ್ಲ. ತಪ್ಪಿಹೋದವನ ಹೊಣೆ ಯಾರದು ಎಂಬುದಷ್ಟೇ ಪ್ರಶ್ನೆ.

ಕೆಲವು ವರ್ಷಗಳ ಹಿಂದೆ, ಜನವರಿ ತಿಂಗಳಲ್ಲಿ, ನಾನು ಬೆಂಗಳೂರಿನಿಂದ ದೆಹಲಿಗೆ ಹೋದಾಗ ಪಕ್ಕದ ಸೀಟಿನಲ್ಲಿ ಅರಕಲಗೂಡು ತಾಲ್ಲೂಕಿನ ಒಬ್ಬ ತಾಯಿ ಇದ್ದರು. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟಿದ್ದವರು. ಪೆಟ್ಟಿಗೆಯಲ್ಲಿ ಬಾಣಂತಿ ಲೇಹ, ಸಾರಿನಪುಡಿ. ಮಂಜಿನ ದೆಸೆಯಿಂದ ನಾವು ಮೂರು ಗಂಟೆ ತಡವಾಗಿ ಇಳಿದೆವು. ಅಳಿಯ ಅಗ್ಗವಾಗುತ್ತದೆಂದು ದೆಹಲಿಯವರೆಗೆ ಒಂದು ಕಂಪೆನಿಯ ಟಿಕೆಟ್ಟನ್ನೂ ಅಲ್ಲಿಂದ ಮುಂದಕ್ಕೆ ಇನ್ನೊಂದು ಕಂಪೆನಿಯ ಟಿಕೆಟ್ಟನ್ನೂ ಬೇರೆಬೇರೆಯಾಗಿ ಕೊಂಡಿದ್ದರು. ಆಕೆಗೆ ಇಂಗ್ಲಿಷೂ ಹಿಂದಿಯೂ ಬಾರದಾದ್ದರಿಂದ ನಾನೂ ಕೌಂಟರಿನವರೆಗೆ ಹೋದೆ. ಎರಡನೆಯ ಕಂಪೆನಿಯ ಕಡತದಲ್ಲಿ ಆಕೆಯ ಹೆಸರಿನ ಮುಂದೆ 'ಗೈರುಹಾಜರಿ' ಎಂದು ದಾಖಲಾಗಿತ್ತು. ಗೈರುಹಾಜರಿಯಾದ್ದರಿಂದ ಹಿಂತಿರುಗುವ ಟಿಕೆಟ್ಟೂ ರದ್ದು. ಮೊದಲನೆಯ ಕಂಪೆನಿಯವರನ್ನು ಕೇಳಿದರೆ, 'ದೆಹಲಿ ಮುಟ್ಟಿಸುತ್ತೇವೆಂದಿದ್ದೆವು, ಮುಟ್ಟಿಸಿದೆವು' ಎಂದರು. ಇಬ್ಬರ ಮಾತೂ ಕಾಗದದ ಮೇಲೆ ಸರಿಯೇ. 'ನಾನು ಹೊತ್ಗೆ ಸರಿಯಾಗಿ ಬಂದಿವ್ನಲ್ಲಣ್ಣ, ತಡ ಮಾಡಿದ್ದು ವಿಮಾನ ತಾನೆ? ಇಲ್ಲೇ ನಿಂತಿರೋಳ್ನ ಬಂದಿಲ್ಲ ಅಂತ ಹೆಂಗ್ ಬರ್ಕೊಂಡ್ರು?' ಎಂದು ಆಕೆ ನನ್ನನ್ನು ಕೇಳಿದರು. ಮೂರನೆಯ ದಿನ ಹೊಸ ಟಿಕೆಟ್ಟಿನಲ್ಲಿ ಹೊರಟರು. ಹೆರಿಗೆ ಅಷ್ಟರಲ್ಲಿ ಆಗಿಹೋಗಿತ್ತು.

ಅದೇ ಪ್ರಯಾಣ ಒಂದೇ ಟಿಕೆಟ್ಟಿನಲ್ಲಿ, ಅಂದರೆ ಒಂದೇ ಪಿ.ಎನ್.ಆರ್. ಸಂಖ್ಯೆಯಲ್ಲಿ, ಇದ್ದಿದ್ದರೆ ಆಕೆಯನ್ನು ಮುಂದಿನ ವಿಮಾನದಲ್ಲಿ ಕಳುಹಿಸುವ ಹೊಣೆ ಟಿಕೆಟ್ಟು ಕೊಟ್ಟವರ ಮೇಲೆ ಬೀಳುತ್ತಿತ್ತು. ಅರಸೀಕೆರೆಯ ನ್ಯಾಯ ಅಲ್ಲಿ ಇನ್ನೂ ಬದುಕಿದೆ. ಟಿಕೆಟ್ಟು ಎರಡಾದೊಡನೆ ಆ ನಡುವಿನ ಗಂಟು ಪ್ರಯಾಣಿಕನದೇ ಆಗುತ್ತದೆ. ಉಳಿತಾಯವೆಂದು ಕಾಣುವ ನಾಲ್ಕಾರು ಸಾವಿರ ರೂಪಾಯಿ ವಾಸ್ತವದಲ್ಲಿ ಈ ಹೊಣೆಯನ್ನು ನಾವು ಹೊತ್ತುಕೊಂಡದ್ದಕ್ಕೆ ಸಲ್ಲುವ ಕೂಲಿ. ಇದನ್ನು ಮಾರುವವರು ದೊಡ್ಡ ಅಕ್ಷರದಲ್ಲಿ ಹೇಳಬೇಕು. ಹೇಳುವುದಿಲ್ಲ ಎಂಬುದು ನನ್ನ ಆಕ್ಷೇಪ. ಎರಡು ಟಿಕೆಟ್ಟು ಕೊಳ್ಳಲೇಬೇಕಾದವರು ನಡುವೆ ಒಂದು ರಾತ್ರಿಯನ್ನು ಬಿಟ್ಟುಕೊಳ್ಳುವುದು ಲೇಸು. ಇನ್ನೊಂದು ಸಂಗತಿ: ಹೊರದೇಶದಿಂದ ಬರುವಾಗ, ಬೆಂಗಳೂರಿನವರೆಗೆ ಒಂದೇ ಟಿಕೆಟ್ಟಿದ್ದರೂ, ಭಾರತದಲ್ಲಿ ಮೊದಲು ಇಳಿಯುವ ಊರಿನಲ್ಲೇ ಸಾಮಾನ್ಯವಾಗಿ ಪೆಟ್ಟಿಗೆಗಳನ್ನು ಪಡೆದು, ಸುಂಕದವರ ಮುಂದೆ ಹಾದು, ಮತ್ತೆ ಒಪ್ಪಿಸಬೇಕಾಗುತ್ತದೆ. ಕೊಂಡಿ ವಿಮಾನಕ್ಕೆ ಒಂದೂವರೆ ಗಂಟೆ ಸಾಕೆಂದುಕೊಂಡವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಟಿಕೆಟ್ಟಿದ್ದು, ಹೊತ್ತಿಗೆ ಸರಿಯಾಗಿ ಬಂದರೂ 'ಜಾಗವಿಲ್ಲ' ಎನಿಸಿಕೊಳ್ಳುವ ವಿಚಿತ್ರವೂ ಉಂಟು. ಕೆಲವರು ಬರುವುದಿಲ್ಲವೆಂಬ ಅಂದಾಜಿನ ಮೇಲೆ ಕಂಪೆನಿಗಳು ಇರುವ ಸೀಟಿಗಿಂತ ಹೆಚ್ಚು ಮಾರುತ್ತವೆ. ಮದುವೆಯ ಮನೆಯಲ್ಲಿ ಎಲೆ ಹಾಕುವವರ ಅಂದಾಜು ಇದಕ್ಕಿಂತ ಧಾರಾಳವಾದದ್ದು, ಅಲ್ಲಿ ಎರಡನೆಯ ಪಂಕ್ತಿಯಾದರೂ ಇರುತ್ತದೆ. ಇಂಥ ಸಂದರ್ಭಕ್ಕೆ ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ನಿಯಮ ಮಾಡಿದೆ. ಮೊದಲು ತಾವಾಗಿಯೇ ಬಿಟ್ಟುಕೊಡುವವರನ್ನು ಕೇಳಬೇಕು. ಬಲವಂತವಾಗಿ ಬಿಟ್ಟವರನ್ನು ಒಂದು ಗಂಟೆಯೊಳಗೆ ಬೇರೆ ವಿಮಾನದಲ್ಲಿ ಕಳುಹಿಸಲಾಗದಿದ್ದರೆ, 24 ಗಂಟೆಯೊಳಗಾದರೆ 10,000 ರೂಪಾಯಿಯವರೆಗೆ, ಅದನ್ನು ಮೀರಿದರೆ 20,000 ರೂಪಾಯಿಯವರೆಗೆ ಪರಿಹಾರ ಕೊಡಬೇಕೆಂದು 2016ರ ತಿದ್ದುಪಡಿ ಹೇಳಿತು. ಆರು ಗಂಟೆಗಿಂತ ಹೆಚ್ಚು ತಡವಾದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ಕೇಳಬಹುದು. ಕೇಳಿದವರಿಗೆ ಸಿಗುತ್ತದೆ, ನಮ್ಮವರು ಕೇಳಲು ಸಂಕೋಚಪಡುತ್ತಾರೆ.

ಇವೆಲ್ಲ ವಿಮಾನ ನಿಲ್ದಾಣದೊಳಗಿನ ಮಾತು. ಹಾಸನದವನಿಗೆ ಮೊದಲ ಕನೆಕ್ಷನ್ ಇರುವುದು ಬಸ್ ನಿಲ್ದಾಣದಲ್ಲಿ. 2008ರ ಮೇ 24ರಂದು ಪ್ರಯಾಣಿಕ ವಿಮಾನಗಳು ಊರಿನ ಮಗ್ಗುಲಿನ ಎಚ್.ಎ.ಎಲ್. ನಿಲ್ದಾಣವನ್ನು ಬಿಟ್ಟು ದೇವನಹಳ್ಳಿಗೆ ಹೋದ ಮೇಲೆ, ಸುಮಾರು 185 ಕಿಲೋಮೀಟರಿನ ಬೆಂಗಳೂರು ದಾರಿ ಸವೆಸಿದವನು ನಗರವನ್ನು ದಾಟಿ ಇನ್ನೂ ಮುಂದೆ ಹೋಗಬೇಕಾಯಿತು. ಬೆಳಗಿನ ಆರೂವರೆಯ ವಿಮಾನಕ್ಕೆ ಚನ್ನರಾಯಪಟ್ಟಣದವನು ಮಧ್ಯರಾತ್ರಿಗೇ ಮನೆ ಬಿಡುತ್ತಾನೆ. ಹೊಳೆನರಸೀಪುರ, ಅರಕಲಗೂಡುಗಳವನು ಅದಕ್ಕೂ ಮೊದಲು. ನೆಲಮಂಗಲದಲ್ಲಿ ಲಾರಿಯೊಂದು ಅಡ್ಡ ಮಗುಚಿದರೆ ಆ ತಡವನ್ನು ಯಾವ ಟಿಕೆಟ್ಟೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಹಾಸನದ ಬಳಿ ಬೂವನಹಳ್ಳಿಯ ವಿಮಾನ ನಿಲ್ದಾಣದ ಕೆಲಸ 2007ರಲ್ಲಿ ಆರಂಭವಾಗಿ, ನಿಂತು, 2021ರಲ್ಲಿ ಮತ್ತೆ ಕೈಗೆತ್ತಿಕೊಂಡದ್ದನ್ನು ನಮ್ಮವರು ಬಲ್ಲರು. ಅಲ್ಲಿಂದ ಸಣ್ಣ ವಿಮಾನವೊಂದು ಬೆಂಗಳೂರಿಗೆ ಹಾರಿದ ದಿನ ಅರಕಲಗೂಡಿನ ತಾಯಂದಿರಿಗೆ ರಾತ್ರಿಯ ಬಸ್ಸು ತಪ್ಪೀತು. ಆದರೆ ಆ ವಿಮಾನದ ಟಿಕೆಟ್ಟು ಮುಂದಿನ ವಿಮಾನದ ಟಿಕೆಟ್ಟಿನೊಡನೆ ಒಂದಾಗಿರುತ್ತದೆಯೆ, ಇಲ್ಲಿ ಒಪ್ಪಿಸಿದ ಪೆಟ್ಟಿಗೆಗೆ ಕಡೆಯ ಊರಿನ ಚೀಟಿ ಅಂಟಿಸಿ ಕೊಡುತ್ತಾರೆಯೆ ಎಂಬುದನ್ನು, ಓಡುಹಾದಿಯ ಉದ್ದ ಎಷ್ಟೆಂದು ಕೇಳುವಷ್ಟೇ ಆಸಕ್ತಿಯಿಂದ ಈಗಲೇ ಕೇಳಬೇಕಾಗಿದೆ.